ಡ್ರಿಲ್ಲಮ್ಮ ಅಳಿಯನನ್ನು ಫೇಲ್ ಮಾಡಿದ ದಿನ

ಕಟ್ಟಡ ಕೆಡವುವವರ ಬಳಗದಲ್ಲಿ ಅವಳನ್ನು ಎಲ್ಲರೂ ಡ್ರಿಲ್ಲಮ್ಮ ಎಂದೇ ಕರೆಯುತ್ತಿದ್ದರು. ಕಾಂಕ್ರೀಟು ಒಡೆಯುವ ದೊಡ್ಡ ಡ್ರಿಲ್ಲು ಹಿಡಿದ ಮೊದಲ ಹೆಂಗಸು ಅವಳು. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿ, ಐವತ್ತು ದಾಟಿದ ಮೇಲೆ ಪರೀಕ್ಷೆ ಬರೆದು ಪಾಸಾಗಿ, ಕಂಪನಿಯಲ್ಲಿ ಧೂಳಿನ ಪಾಠ ಹೇಳುವ ಟ್ರೈನರ್ ಆಗಿದ್ದಳು. ಮೊದಲ ತರಗತಿಯೇ ಎಂಥ ಕಡೆ ಬಿತ್ತು ನೋಡಿ: ನಾಲ್ಕಂತಸ್ತಿನ ಹಳೆಯ ಹಾಸ್ಟೆಲ್ ಕೆಡವಲು ಬಂದಿದ್ದ ಗ್ಯಾಂಗಿಗೆ. ಅದರ ಮೇಸ್ತ್ರಿ ಅವಳ ಸ್ವಂತ ಅಳಿಯ.

ಎದೆಯವರೆಗೆ ಇಳಿದ ಗಡ್ಡದಿಂದಾಗಿ ಅವನಿಗೆ ಗಡ್ಡದ ಮೇಸ್ತ್ರಿ ಎಂದೇ ಹೆಸರು. ಕೆಲಸದಲ್ಲಿ ಅಪ್ಪಟ ಚಿನ್ನ, ಮುನಿಸಿನಲ್ಲಿ ಮಾತ್ರ ಮೂರು ವರ್ಷದ ಮಗು. ಅವನ ಹೊಸ ಬೈಕಿನ ಸದ್ದು ಸ್ವಲ್ಪ ಜಾಸ್ತಿ ಎಂದು ಅತ್ತೆ ಒಮ್ಮೆ ಬಾಯಿತಪ್ಪಿ ಅಂದಿದ್ದಕ್ಕೆ ಎರಡು ತಿಂಗಳು ಆ ಮನೆಯ ಕಡೆ ತಲೆ ಹಾಕಿರಲಿಲ್ಲ. ಅಂದಿನಿಂದ ಡ್ರಿಲ್ಲಮ್ಮ ಅವನ ಮುಂದೆ ಅಳೆದು ತೂಗಿ ಮಾತಾಡುತ್ತಿದ್ದಳು.

ಬೆಳಿಗ್ಗೆ ಹಾಸ್ಟೆಲಿನ ಊಟದ ಹಾಲಿನಲ್ಲಿ ಹದಿನೇಳು ಮಂದಿ ಕಾಲು ಮುರಿದ ಬೆಂಚುಗಳ ಮೇಲೆ ಹೇಗೋ ಸಮತೋಲ ಮಾಡಿಕೊಂಡು ಕುಳಿತಿದ್ದರು. ಅಳಿಯ ಓಡಿ ಬಂದು ಕುರ್ಚಿ ಹಾಕಿದ.

“ಕೂತ್ಕೊಳ್ಳಿ ಅತ್ತೆ.”

“ಸಂಜೆ ತನಕ ನಾನು ಅತ್ತೆ ಅಲ್ಲ, ಟ್ರೈನರ್. ನೀವೂ ಅಳಿಯ ಅಲ್ಲ.”

“ಹೌದೌದು, ಅಳಿಯ ಅಲ್ಲ, ಮಗಳ ಗಂಡ!” ಎಂದ ಹಿಂದಿನ ಬೆಂಚಿನಿಂದ, ಕಬ್ಬಿಣ ಕೊಯ್ಯುವ ಗ್ಯಾಸ್ ಕಟರಿನವನು. ಹಾಲಿಗೆ ಹಾಲೇ ಘೊಳ್ಳೆಂದು ನಕ್ಕಿತು. ಮೊದಲ ತರಗತಿಯ ಅಳುಕಿನಲ್ಲಿದ್ದ ಡ್ರಿಲ್ಲಮ್ಮನೂ ನಕ್ಕಳು.

ಅವಳು ಕಿಟಕಿಗಳನ್ನು ಮುಚ್ಚಿಸಿದಳು. ಬಾಯಾಳಿ ಗ್ಯಾಸ್ ಕಟರಿನವನನ್ನೇ ಕರೆದು, ಅವನ ಜಾಕೆಟ್ಟನ್ನು ಟಾರ್ಚಿನ ಬೆಳಕಿನೆದುರು ಒಂದೇ ಒಂದು ಸಲ ಕೊಡವಿದಳು. ಬೆಳಕಿನ ಕೋಲಿನ ತುಂಬ ಹೊಗೆಯೆದ್ದಂತಾಯಿತು. ಮುಂದೆ ಕುಳಿತವರು ತಾವಾಗಿಯೇ ಮೂಗು ಮುಚ್ಚಿಕೊಂಡರು.

“ಇದು ಕಾಣೋ ಧೂಳು. ಸೀನಿದ್ರೆ ಹೋಗುತ್ತೆ. ಇದರ ಜೊತೆ ಕಣ್ಣಿಗೆ ಕಾಣದೇ ಇರೋದೊಂದಿದೆ, ಸಿಲಿಕಾ ಅಂತ. ಕಾಂಕ್ರೀಟು, ಇಟ್ಟಿಗೆ, ಟೈಲ್ಸು, ಎಲ್ಲದರಲ್ಲೂ ಅಡಗಿ ಕೂತಿರುತ್ತೆ. ಎದೆಯೊಳಗೆ ಹೋಗಿ ಕೂತ್ರೆ ಏಳೋ ಮಾತೇ ಇಲ್ಲ.”

ನಂತರ ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿದಳು. ತನಗೆ ಡ್ರಿಲ್ಲು ಹಿಡಿಯಲು ಕಲಿಸಿದ ಮೇಸ್ತ್ರಿ ಒಂದೇ ಕೈಲಿ ಸಿಮೆಂಟು ಚೀಲ ಎತ್ತುತ್ತಿದ್ದವನು; ನಲವತ್ತೆಂಟಕ್ಕೆ ತನ್ನ ಮನೆಯ ಆರು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಕುಳಿತು ಸುಧಾರಿಸಿಕೊಳ್ಳುತ್ತಿದ್ದ.

“ಅವರ ಕಾಲಕ್ಕೆ ನೀರಿನ ಪೈಪೂ ಇರಲಿಲ್ಲ, ಮಾಸ್ಕೂ ಇರಲಿಲ್ಲ. ನಿಮಗೆ ಎರಡೂ ಇದೆ. ನೆನೆಸಿ ಒಡೀರಿ. ಒಣ ಪೊರಕೆ ಆಡಿಸಬೇಡಿ. ಕೆಲಸದ ಬಟ್ಟೆ ಇಲ್ಲೇ ಬಿಚ್ಚಿಡಿ. ಇದೇ ಅಂಗೀಲಿ ಹೋಗಿ ಮಗು ಎತ್ಕೋಬೇಡಿ.”

ಆಮೇಲೆ ಮಾಸ್ಕಿನ ಪರೀಕ್ಷೆ. ಮಾಸ್ಕು ಹಾಕಿಸಿ, ತಲೆಯ ಮೇಲೆ ಪಾರದರ್ಶಕ ಚೀಲ ಇಳಿಬಿಟ್ಟು, ಅದರೊಳಗೆ ಕಹಿ ದ್ರವವನ್ನು ಹನಿಹನಿಯಾಗಿ ಸಿಂಪಡಿಸುವುದು. ಬಾಯಲ್ಲಿ ಉಸಿರಾಡುತ್ತ ತಲೆ ಆಚೆ ಈಚೆ ತಿರುಗಿಸಬೇಕು, ಮಾತಾಡಬೇಕು. ಮಾಸ್ಕು ಮುಖಕ್ಕೆ ಸರಿಯಾಗಿ ಕೂತಿದ್ದರೆ ಕಹಿ ತಿಳಿಯುವುದಿಲ್ಲ. ಒಬ್ಬೊಬ್ಬರಾಗಿ ಹದಿನಾರು ಮಂದಿ ಪಾಸಾದರು. ಉಳಿದವನು ಗಡ್ಡದ ಮೇಸ್ತ್ರಿ.

“ಗಡ್ಡದ ಮೇಲೆ ಮಾಸ್ಕು ಕೂರಲ್ಲ,” ಎಂದಳು ಡ್ರಿಲ್ಲಮ್ಮ, ಆದಷ್ಟು ಮೆತ್ತಗೆ. “ನಿಯಮದ ಪ್ರಕಾರ ನಿಮಗೆ ಪರೀಕ್ಷೆ ಮಾಡೋ ಹಾಗೇ ಇಲ್ಲ.”

“ಇದು ಅಂಥಿಂಥ ಗಡ್ಡ ಅಲ್ಲ. ಹಾಕಿ ನೋಡಿ.”

ನೋಡಲಿ, ಅವನಿಗೂ ತಿಳಿಯಲಿ ಎಂದುಕೊಂಡು ಚೀಲ ಇಳಿಸಿ ಸಿಂಪಡಿಸಿದಳು. ಮೂರನೆಯ ಸಿಂಚನಕ್ಕೆ ಅವನ ಕಣ್ಣುಗಳು ಕಿರಿದಾದವು, ಐದನೆಯದಕ್ಕೆ ನೀರಾಡಿದವು.

“ಕಹಿ ಆಯ್ತಾ?”

“ಇಲ್ಲ,” ಎಂದ. ಆದರೆ ಮಾಸ್ಕು ತೆಗೆದಾಗ ಅವನ ಮುಖ ಹರಳೆಣ್ಣೆ ಕುಡಿದವನ ಮುಖವೇ. ಬಗ್ಗಿ ನೋಡುತ್ತಿದ್ದವರು ನಗು ತಡೆಯಲು ಬೇರೆ ಬೇರೆ ದಿಕ್ಕಿಗೆ ತಿರುಗಿದರು.

ಪಾಸು ಎಂದು ಬರೆದರೆ ಮನೆ ತಣ್ಣಗಿರುತ್ತದೆ. ಬರೆಯದಿದ್ದರೆ ಬೈಕಿನ ಕತೆಯೇ. ಈ ಸಲ ಎರಡು ತಿಂಗಳೋ ಎರಡು ವರ್ಷವೋ. ಮಧ್ಯೆ ಮಗಳು, ಎರಡು ವರ್ಷದ ಮೊಮ್ಮಗಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಡ್ರಿಲ್ಲಮ್ಮ ಒಂದು ಗಳಿಗೆ ನಿಂತಳು. ಆ ಆರು ಮೆಟ್ಟಿಲುಗಳು ಕಣ್ಣಿಗೆ ಕಟ್ಟಿದವು. ಫೇಲ್ ಎಂದು ಬರೆದಳು.

“ಇದು ಸರಿಯಾಗೋ ತನಕ ನೀವು ಒಳಗೆ ಕಾಲಿಡೋ ಹಾಗಿಲ್ಲ.”

ಅವನು ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು ಹೊರಟುಹೋದ. ಸ್ವಲ್ಪ ಹೊತ್ತಿಗೆ ಡ್ರಿಲ್ಲಮ್ಮನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಮಗಳು. ತರಗತಿ ನಡೆಯುತ್ತಿದ್ದುದರಿಂದ ಎತ್ತಲಿಲ್ಲ. ಬಿಡುವು ಸಿಕ್ಕಾಗ ಎತ್ತುವ ಧೈರ್ಯ ಬರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ, ಹಾಗೇ ಮುಚ್ಚಿಟ್ಟಳು.

ಊಟದ ನಂತರ ನೀರು ಹಾಯಿಸುತ್ತ ಗೋಡೆ ಕೊಯ್ಯುವುದನ್ನು ತೋರಿಸುತ್ತಿದ್ದಾಗ ಬಾಗಿಲಲ್ಲಿ ಅಪರಿಚಿತನೊಬ್ಬ ಬಂದು ನಿಂತ. ಹಣೆ ಬಿಸಿಲಿಗೆ ಕಪ್ಪಾಗಿತ್ತು, ಮೂಗಿನ ಕೆಳಗೆ ಮಾತ್ರ ಸುಲಿದ ಆಲೂಗಡ್ಡೆಯಂಥ ಬಿಳಿ.

“ಹೊಸಬರಾ?” ಎಂದು ಡ್ರಿಲ್ಲಮ್ಮ ಜೋರು ಮಾಡಿದಳು. “ಈಗ ಬರೋದಾ? ಬೆಳಿಗ್ಗೆ ಪಾಠ ಕೇಳದವರಿಗೆ ಇಲ್ಲಿ ಜಾಗ ಇಲ್ಲ. ನಾಳೆ ಬನ್ನಿ.”

“ಬೆಳಿಗ್ಗೆನೂ ಬಂದಿದ್ದೆ. ನೀವೇ ಫೇಲ್ ಮಾಡಿ ಕಳಿಸಿದ್ರಿ.”

ದನಿ ಕೇಳಿದ್ದೇ ತಡ, ಡ್ರಿಲ್ಲಮ್ಮನ ಕೈಯಿಂದ ಪೈಪು ಜಾರಿತು. ನೀರು ನೇರ ಗ್ಯಾಸ್ ಕಟರಿನವನ ಮೋರೆಗೆ ಹಾರಿತು. ಅವನಿಗೆ ಒರೆಸಿಕೊಳ್ಳಲೂ ಪುರಸೊತ್ತಿಲ್ಲ, ಅಷ್ಟು ನಗು. ಒಂದು ಬೆಂಚು ಕುಳಿತವರ ಸಮೇತ ಮಗುಚಿತು.

“ಅಯ್ಯೋ, ಗುರುತೇ ಸಿಗಲಿಲ್ಲವಲ್ಲಪ್ಪಾ!”

“ಕ್ಷೌರದವನಿಗೂ ಸಿಗಲಿಲ್ಲ. ಅರ್ಧ ಬೋಳಿಸಿ, ನೀವು ಗಡ್ಡದ ಮೇಸ್ತ್ರಿ ತಮ್ಮನಾ ಅಂತ ಕೇಳ್ದ,” ಎಂದ ಅಳಿಯ. ಆಮೇಲೆ ದನಿ ತಗ್ಗಿಸಿ ಹೇಳಿದ, “ಸಿಟ್ಟು ಬಂದಿದ್ದು ನಿಜ. ನಿಮ್ಮ ಮಗಳಿಗೆ ಫೋನ್ ಮಾಡಿ ದೂರು ಹೇಳ್ದೆ. ಅವಳು ನನ್ನ ಕಡೆ ಮಾತಾಡ್ತಾಳೆ ಅಂದ್ಕೊಂಡ್ರೆ, ‘ಮದುವೆಯಾಗಿ ಐದು ವರ್ಷ ಆಯ್ತು, ಗಂಡನ ಗದ್ದ ಹೇಗಿದೆ ಅಂತ ನಾನಿನ್ನೂ ನೋಡಿಲ್ಲ, ಅಮ್ಮ ಒಳ್ಳೇ ಕೆಲಸ ಮಾಡಿದ್ರು’ ಅಂದ್ಲು. ನನಗೂ ನಗು ಬಂತು. ಮತ್ತೆ... ಕಹಿ ಆಗಿತ್ತು ಅತ್ತೆ. ಬೇವಿನ ಮರವನ್ನೇ ಅಗಿದ ಹಾಗಿತ್ತು.”

ಡ್ರಿಲ್ಲಮ್ಮ ಚೀಲ ತಂದಳು. ಹದಿನಾರು ಮಂದಿ ಸುತ್ತ ನಿಂತು ಒಂದೊಂದು ಸಿಂಚನವನ್ನೂ ಜೋರಾಗಿ ಎಣಿಸಿದರು. ಅವನ ಕಣ್ಣು ಕಿರಿದಾಗಲಿಲ್ಲ. ಅವಳು ಪಾಸು ಎಂದು ಬರೆದ ಅಕ್ಷರ ಸ್ವಲ್ಪ ದೊಡ್ಡದೇ ಆಯಿತು.

ಸಂಜೆ ಅವನು ಕೆಲಸದ ಬಟ್ಟೆಯನ್ನು ಅಲ್ಲೇ ಬಿಚ್ಚಿಟ್ಟು, ಮೈ ತೊಳೆದುಕೊಂಡು, ಕೆಲಸದ ಬಟ್ಟೆ ಬದಲಿಸಿ ಸೀರೆ ಉಟ್ಟಿದ್ದ ಅತ್ತೆಯನ್ನು ತಾನೇ ತನ್ನ ಮನೆಗೆ ಕರೆದುಕೊಂಡು ಹೋದ. ಬಾಗಿಲು ತೆರೆದ ಮಗಳು ನಗಲು ಶುರುಮಾಡಿದವಳು ಗೋಡೆ ಹಿಡಿದು ಕೆಳಗೇ ಕುಳಿತಳು. “ಈ ಗುಳಿ ಎಲ್ಲಿತ್ತಮ್ಮ ಇಷ್ಟು ದಿನ! ಗದ್ದದಲ್ಲಿ ಗುಳಿ ಇರೋ ಗಂಡ ನನಗೆ!” ಮೊಮ್ಮಗಳು ಮಾತ್ರ ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡಳು. ಅವನು ನೆಲದ ಮೇಲೆ ಮಂಡಿಯೂರಿ, ದಿನಾ ಕರೆಯುವಂತೆ “ಬಾರೇ ಗುಬ್ಬಿ” ಎಂದ. ಮಗು ಇಣುಕಿತು, ಅನುಮಾನಿಸಿತು, ಹತ್ತಿರ ಹೋಗಿ ಆ ಗುಳಿಯೊಳಗೆ ಬೆರಳಿಟ್ಟು ನೋಡಿತು. ಅಪ್ಪನೇ ಎಂದು ಖಾತ್ರಿಯಾದ ಮೇಲೆ ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ. ಡ್ರಿಲ್ಲಮ್ಮ ಮಧ್ಯಾಹ್ನದ ಡಬ್ಬಿ ಬಿಚ್ಚಿಕೊಂಡು ಅಲ್ಲೇ ಹೊಸ್ತಿಲ ಬಳಿ ಕುಳಿತು, ಹಸಿವೆಂದರೆ ಹಸಿವು, ಅವರನ್ನು ನೋಡುತ್ತ ಉಂಡಳು.