ಒಂಬತ್ತನೆಯ ಬಾಗಿಲು

ದವರ್ದುಯ್ ನದಿ ಬಳುಕಿಕೊಂಡು ಹರಿಯುವ ನಮ್ಮ ಕಣಿವೆಯಲ್ಲಿ ಆ ಕಾಲಕ್ಕೆ ಹದಿನಾರು ಮಂದಿ ಬ್ಯಾರನ್‌ಗಳಿದ್ದರು. ಮೊದಲಿಗೆ ಒಬ್ಬನೇ ಇದ್ದ. ಪೊವಿಸ್ ಸೀಮೆಯ ಹಳೆಯ ರಾಜರ ರಕ್ತ ಅವನದು. ಇಂಗ್ಲಿಷ್ ದೊರೆ ಇಡೀ ವೇಲ್ಸನ್ನು ನುಂಗಿದಾಗಲೂ ಅವನ ನೆಲ, ಅವನ ನ್ಯಾಯಪೀಠ, ಅವನ ಗಲ್ಲುಮರ ಈ ಮೂರನ್ನು ಮಾತ್ರ ಮುಟ್ಟಿರಲಿಲ್ಲ. ಆದರೆ ನಮ್ಮವರ ಕಟ್ಟಳೆಯಲ್ಲಿ ಅಪ್ಪನ ಆಸ್ತಿ ಹಿರಿಯ ಮಗನೊಬ್ಬನಿಗೇ ಹೋಗುವುದಿಲ್ಲ. ಕಿರಿಯವನು ಪಾಲು ಹಾಕುತ್ತಾನೆ, ಹಿರಿಯವನು ಮೊದಲು ಆರಿಸಿಕೊಳ್ಳುತ್ತಾನೆ, ಎಲ್ಲ ಗಂಡುಮಕ್ಕಳಿಗೂ ಸಮ. ಹೀಗೆ ನೆಲ ಹೋಳಾಯಿತು, ಹೋಳು ಚೂರಾಯಿತು. ಬ್ಯಾರನ್ ಎಂಬ ಹೆಸರು ಮಾತ್ರ ಹೋಳಾಗಲಿಲ್ಲ. ಅದು ಪ್ರತಿಯೊಬ್ಬನ ಹೆಗಲಿಗೂ ಇಡಿಯಾಗಿಯೇ ಬಂದು ಕೂತಿತು.

ಆ ಹದಿನಾರರಲ್ಲಿ ಇದ್ನೆರ್ಥ್ ಒಬ್ಬ. ಒಂದು ಜೊತೆ ಎತ್ತು, ಹೊಗೆ ಹಿಡಿದ ಒಂದು ಹಜಾರ, ಹದಿನಾರರಲ್ಲೊಂದು ಪಾಲು ಗಲ್ಲುಮರ. ನೇಗಿಲು ತಾನೇ ಹಿಡಿಯುತ್ತಿದ್ದ. ದಾಯಾದಿ ರೀರಿದ್ ಕೂಡ ಬ್ಯಾರನ್ನೇ, ಆದರೆ ಕುರಿಮಂದೆಯುಳ್ಳ ಮನೆಯ ಒಬ್ಬಳೇ ಮಗಳನ್ನು ಕೈಹಿಡಿದು ಕೊಬ್ಬಿದವನು. ಉಳುವ ಹೊಲದ ಬದುವಿನಲ್ಲಿ ಕುದುರೆ ನಿಲ್ಲಿಸಿ, "ಏನ್ ಬ್ಯಾರನ್ನೇ, ನಿನ್ನ ಪಾಲಿನ ಗಲ್ಲಿಗೆ ಒಂದು ಕೋಳಿ ಕತ್ತಾದ್ರೂ ಸಿಗುತ್ತಾ?" ಎಂದು ಕೆಣಕುತ್ತಿದ್ದ.

"ನಿನ್ನ ಕತ್ತು ತಂದು ನೋಡು, ಅಳತೆ ಮಾಡೋಣ," ಎನ್ನುತ್ತಿದ್ದ ಇದ್ನೆರ್ಥ್. ಇಬ್ಬರೂ ನಗುತ್ತಿದ್ದರು. ಆ ನಗೆಯಲ್ಲಿ ಒಬ್ಬನದು ಮಾತ್ರ ನಿಜವಾದ ನಗೆ.

ಓಟ್ ಪೈರು ಮಳೆಗೆ ಕೊಳೆತದ್ದು ಅದು ಮೂರನೆಯ ವರ್ಷ. ಆದರೂ ಕ್ರಿಸ್ಮಸ್ಸಿಗೆ ಕವಿಯೊಬ್ಬ ಬಂದ. ನಮ್ಮಲ್ಲಿ ಕವಿ ಹೊಗಳದ ಮನೆ ದೊಡ್ಡ ಮನೆಯಲ್ಲ. ಒಂಬತ್ತು ತಲೆಮಾರಿನ ಹೆಸರು ಅವನ ನಾಲಿಗೆಯ ಮೇಲಿರುತ್ತದೆ, ಅವನು ಮರೆತರೆ ನೀನು ಯಾರೂ ಅಲ್ಲ. ಹನ್ನೆರಡು ದಿನ ಉಂಡ. ಉಪ್ಪು ಹಾಕಿಟ್ಟ ಮಾಂಸದ ಕೊನೆಯ ತುಂಡು, ಜೇನಿನ ಹೆಂಡದ ಕೊನೆಯ ಗಡಿಗೆ ಎರಡೂ ಮುಗಿದ ದಿನ ಹಾರ್ಪು ಮೀಟುತ್ತಾ ಹಾಡಿದ: ಇದ್ನೆರ್ಥನ ಬಾಗಿಲಿಗೆ ಅಗಳಿಯಿಲ್ಲ, ಹಸಿದವನಿಗೆ ಆ ಹೊಸಿಲೇ ಸ್ವರ್ಗದ ಹೊಸಿಲು. ಆ ಹಾಡು ಅವನಿಗಿಂತ ಮುಂಚೆ ಬೆಟ್ಟ ದಾಟಿತು.

ಹೆಂಡತಿ ಮಾರೆದ್ ಖಾಲಿ ಗಡಿಗೆಗಳನ್ನು ಬೋರಲು ಹಾಕುತ್ತಾ ಹೇಳಿದಳು: "ಹಾಡಲ್ಲಿ ಅಗಳಿ ಇಲ್ಲ, ಕಣಜದಲ್ಲಿ ಕಾಳೂ ಇಲ್ಲ. ಸರಿಹೋಯ್ತು ಬಿಡಿ."

ಫೆಬ್ರವರಿಯ ಮೇಣದಬತ್ತಿಯ ಹಬ್ಬ ಕಳೆದು ಎರಡನೆಯ ದಿನ, ನಡು ಮಧ್ಯಾಹ್ನ, ಹಿಮ ಸುರಿಯುತ್ತಿತ್ತು. ಹಾಲುತಮ್ಮ ಕದೂಗನ್ ಇಳಿಜಾರಿನಲ್ಲಿ ಬರುವುದನ್ನು ಇದ್ನೆರ್ಥ್ ಕಿಟಕಿಯ ಸಂದಿಯಿಂದ ಕಂಡ. ದೊಡ್ಡ ಮನೆಯ ಗಂಡುಮಕ್ಕಳನ್ನು ಒಕ್ಕಲುಮನೆಯಲ್ಲಿ ಸಾಕಲು ಬಿಡುವುದು ನಮ್ಮ ರೂಢಿ. ಕದೂಗನ್‌ನ ತಾಯಿ ಒಂದು ಮೊಲೆ ಮಗನಿಗೆ, ಇನ್ನೊಂದು ಇದ್ನೆರ್ಥನಿಗೆ ಕೊಟ್ಟು ಬೆಳೆಸಿದವಳು. ಹಾಲು ಹಂಚಿಕೊಂಡ ತಮ್ಮ ರಕ್ತ ಹಂಚಿಕೊಂಡ ದಾಯಾದಿಗಿಂತ ಹತ್ತಿರ. ಅವನು ಏಕೆ ಬರುತ್ತಿದ್ದಾನೆ ಎಂದು ಕೇಳಬೇಕಾಗಿರಲಿಲ್ಲ. ಮೇಲಿನ ಬೆಟ್ಟದಲ್ಲಿ ಅವನ ಹೆಂಡತಿ, ಇಬ್ಬರು ಮಕ್ಕಳು ಹಸಿದಿದ್ದರು.

ಒಲೆಯ ಮೇಲೆ ನೀರು ನೀರಾದ ಅಂಬಲಿ ಇತ್ತು. ಕದೂಗನ್ ಅದನ್ನೇ ಸಂತೋಷದಿಂದ ಕುಡಿಯುತ್ತಿದ್ದ, ಇದ್ನೆರ್ಥನಿಗೆ ಅದು ಗೊತ್ತು. ಆದರೆ ಕವಿ ಹಾಡಿದ ದಿನ ಇದೇ ಹಜಾರದಲ್ಲಿ ಕೂತು ಆ ಹಾಡನ್ನು ಕೇಳಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನೂ ಕದೂಗನ್ನೇ. ಬ್ಯಾರನ್ ಅಂಬಲಿ ಕುಡಿಯುವುದನ್ನು ಅವನಿಗೆ ಹೇಗೆ ತೋರಿಸುವುದು?

ಇದ್ನೆರ್ಥ್ ಅಗಳಿ ಹಾಕಿದ. ಬಾಗಿಲು ಬಡಿದಾಗ, ದನಿ ಬದಲಿಸಿ, ಆಳಿನಂತೆ ಹೇಳಿದ: "ದೊರೆ ಮನೇಲಿಲ್ಲ."

ಹೊರಗಿನ ಕಾಲುಗಳು ಕದಲಲಿಲ್ಲ. ಪರಲೋಕದ ತಂದೆಗೆ ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು ಹಾಗೇ ನಿಂತಿದ್ದವು. ಆಮೇಲೆ ದನಿ ಬಂತು, ಮೆತ್ತಗೆ: "ಹಾಗಾದ್ರೆ ದೊರೆ ಬಂದ್ಮೇಲೆ ಹೇಳಪ್ಪ, ಕದೂಗನ್ ಕೇಳ್ದ ಅಂತ. ಅಷ್ಟೇ."

ನಾಲ್ಕು ದಿನಕ್ಕೆ ರೀರಿದ್‌ನ ಕುರುಬರು ಕದೂಗನ್‌ನ ಗುಡಿಸಲಿನಲ್ಲಿ ಕುರಿಯ ಚರ್ಮ ಹಿಡಿದರು. ಕುರಿ ಆಗಲೇ ಮಕ್ಕಳ ಹೊಟ್ಟೆ ಸೇರಿತ್ತು. ಕುರಿ ಕದ್ದವನಿಗೆ ಗಲ್ಲು. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ಮೊದಲ ಸೋಮವಾರ ನ್ಯಾಯ ಕೂಡಬೇಕು. ಹದಿನಾರು ಮಂದಿ ಸರದಿಯ ಮೇಲೆ ಪೀಠಕ್ಕೆ ಕೂರುತ್ತಾರೆ. ಈ ಸಲದ ಸರದಿ ಇದ್ನೆರ್ಥನದು.

ಅವನು ರೀರಿದ್‌ನ ಬಳಿಗೆ ಹೋದ. "ಸರದಿ ಯಾರಿಗಾದ್ರೂ ಬಿಟ್ಕೊಡ್ತೀನಿ. ನನ್ನ ಹಾಲುತಮ್ಮ ಅವನು."

"ನಿನ್ನಜ್ಜನೂ ನನ್ನಜ್ಜನೂ ಹಾಕ್ಕೊಟ್ಟ ಸರದಿ, ನಾನ್ಯಾಕೆ ಮುರೀಲಿ?" ಎಂದ ರೀರಿದ್. "ನೀನು ಸುಮ್ನೆ ಬಿಟ್ಬಿಟ್ಟೆ ಅಂದ್ಕೋ, ನಾನು ನೇರ ಕೋಟೆಗೆ ಹೋಗ್ತೀನಿ. ಇಂಗ್ಲಿಷ್ ಅಧಿಕಾರಿಗೆ ಅದೇ ಬೇಕು. ನಮ್ಮೆಲ್ಲರ ಪೀಠಾನೂ ಕಿತ್ಕೊಳ್ತಾನೆ, ಅವನನ್ನೂ ನೇತುಹಾಕ್ತಾನೆ. ಹುಟ್ಟಿದ್ದಾಗಿದೆ ಬ್ಯಾರನ್ ಆಗಿ, ಕೂತ್ಕೋ."

ಅಲ್ಲಿಂದ ಇಗರ್ಜಿಗೆ ಹೋದ. ಪಾದ್ರಿ ಸಾದೂರ್ನ್ ಮೊಣಕಾಲೂರಿ ಬಲಿಪೀಠದ ಮೆಟ್ಟಿಲು ಉಜ್ಜುತ್ತಿದ್ದರು.

"ಪಾದ್ರಿಗಳೇ, ಈ ಬ್ಯಾರನ್‌ತನ ಕಳಚಿಡೋಕೆ ಏನಾದ್ರೂ ದಾರಿ ಉಂಟಾ? ಸನ್ಯಾಸಿ ಮಠಕ್ಕೆ ಸೇರ್ಕೊಳ್ಲಾ?"

"ಸೋಮವಾರದೊಳಗಾ?" ಪಾದ್ರಿಗಳು ಬಟ್ಟೆ ಹಿಂಡಿದರು. "ನಿಂಗೆ ಅದನ್ನ ಯಾರೂ ಕೊಡ್ಲಿಲ್ಲ ಮಗ, ವಾಪಸ್ ಯಾರಿಗೆ ಕೊಡ್ತೀಯ? ರಕ್ತದಲ್ಲಿ ಬಂದಿದ್ದು ರಕ್ತ ಇರೋವರೆಗೂ ಇರುತ್ತೆ." ಸ್ವಲ್ಪ ಹೊತ್ತು ಉಜ್ಜಿ ಮತ್ತೆ ಹೇಳಿದರು: "ಆದ್ರೆ ಹಳೇ ಕಟ್ಟಳೆ ಒಂದಿದೆ. ಮೂರು ಊರಲ್ಲಿ, ಊರಿಗೆ ಒಂಬತ್ತು ಮನೇಲಿ ಅನ್ನ ಕೇಳಿ, ಎಲ್ಲೂ ಸಿಗದೆ, ಆಮೇಲೆ ಕದ್ದು ತಿಂದೋನಿಗೆ ಶಿಕ್ಷೆ ಇಲ್ಲ. ಮೇಲಿನ ಎರಡೂರಿನ ಹದಿನೆಂಟು ಮನೆಯವರೂ ಒಪ್ಕೊಂಡಿದಾರೆ, ಕೊಡೋಕೆ ಇರ್ಲಿಲ್ಲ ಅಂತ. ನಮ್ಮೂರಲ್ಲಿ ಎಂಟು ಮನೆಯವರು ಹೇಳಿದಾರೆ."

"ಒಂಬತ್ತನೇದು?"

"ಕದೂಗನ್ ಬಾಯಿ ಬಿಡ್ತಿಲ್ಲ," ಎಂದರು ಪಾದ್ರಿಗಳು. ಕಣ್ಣೆತ್ತಿ ನೋಡಲಿಲ್ಲ. ಉಜ್ಜಿದ ಮೆಟ್ಟಿಲನ್ನೇ ಮತ್ತೆ ಉಜ್ಜಿದರು.

ಆ ವಾರ ಇದ್ನೆರ್ಥ್ ತನ್ನ ಹಜಾರದಲ್ಲಿ ಗೂಟಕ್ಕೆ ಕಟ್ಟಿದ ಎತ್ತಿನಂತೆ ಸುತ್ತಿದ. ತಾನು ಒಂಬತ್ತನೆಯವನೆಂದು ಹೇಳಿದರೆ ಹಾಡು ಸಾಯುತ್ತದೆ. ಅಗಳಿ ಹಾಕಿ ಹಸಿದವನನ್ನು, ಅದೂ ಹಾಲುತಮ್ಮನನ್ನು ಕಳಿಸಿದ ದೊಡ್ಡಮನೆಯ ಹೆಸರನ್ನು ಕವಿಗಳು ನಾಲಿಗೆಯಿಂದ ಉಗಿಯುತ್ತಾರೆ, ಮಕ್ಕಳ ಮೊಮ್ಮಕ್ಕಳವರೆಗೂ. ಹೇಳದಿದ್ದರೆ ತಾನೇ ನ್ಯಾಯದ ಕೋಲು ಹಿಡಿದು ತಾನೇ ಗಲ್ಲು ಹೇಳಬೇಕು. ಎರಡು ಗೋಡೆಗಳ ನಡುವೆ ಒಂದು ಬಾಗಿಲಿತ್ತು, ಅದಕ್ಕೆ ಅವನೇ ಅಗಳಿ ಹಾಕಿದ್ದ.

ಸೋಮವಾರ ಇಗರ್ಜಿಯ ಪಕ್ಕದ ದಿಬ್ಬದ ಮೇಲೆ, ಯೂ ಮರದ ಕೆಳಗೆ ನ್ಯಾಯ ಕೂಡಿತು. ಇದ್ನೆರ್ಥ್ ಬಿಳಿಯ ಕೋಲು ಹಿಡಿದು ಕಲ್ಲಿನ ಮೇಲೆ ಕುಳಿತ. ಪಕ್ಕದಲ್ಲಿ ಹದಿನಾರರಲ್ಲಿ ಎಲ್ಲರಿಗಿಂತ ಹಿರಿಯನಾದ ಮುದಿ ಬ್ಯಾರನ್ ಇಥೆಲ್. ಎದುರಿಗೆ ಸಂತನ ಕೈಗಂಟೆ, ಪಾದ್ರಿಗಳ ತೊಡೆಯ ಮೇಲೆ. ಆ ಗಂಟೆ ಮುಟ್ಟಿ ಸುಳ್ಳಾಡಿದವನ ಬಾಯಿ ಸೊಟ್ಟಗಾಗುತ್ತದೆಂದು ನಾವೆಲ್ಲ ನಂಬುತ್ತೇವೆ. ಈಗಲೂ.

ಎಂಟು ಮನೆಯವರು ಒಬ್ಬೊಬ್ಬರಾಗಿ ಗಂಟೆ ಮುಟ್ಟಿದರು. ನೇಯುವ ಮುದುಕಿಯೊಬ್ಬಳು ಅತ್ತಳು. "ಎರಡು ಈರುಳ್ಳಿ ಇತ್ತು ಸ್ವಾಮಿ. ಇಲ್ಲ ಅಂದ್ಬಿಟ್ಟೆ." ಬಡವರ ಬಾಯಲ್ಲಿ ಸತ್ಯ ಇಷ್ಟು ಸಲೀಸಾಗಿ ಬರುವುದನ್ನು ಇದ್ನೆರ್ಥ್ ನೋಡುತ್ತಾ ಕುಳಿತ.

"ಮೇಲಿನೂರುಗಳ ಹದಿನೆಂಟು ಸೇರಿ ಇಪ್ಪತ್ತಾರಾಯ್ತು," ಎಂದ ಇಥೆಲ್. "ಕದೂಗನ್, ಇನ್ನೊಂದು ಮನೆ ಹೇಳು, ಮನೆಗೆ ಹೋಗು."

ಕದೂಗನ್ ಇದ್ನೆರ್ಥನ ಕಡೆ ತಿರುಗಿ ನೆಲ ನೋಡಿದ. "ಇನ್ನೊಂದಿಲ್ಲ ದೊರೆ."

ಎದುರಾಎದುರು ಇದ್ನೆರ್ಥನನ್ನು ಅವನು ಹಿಂದೆಂದೂ ದೊರೆ ಎಂದು ಕರೆದವನಲ್ಲ. ಚಿಕ್ಕಂದಿನಿಂದ ಅವನಿಗೆ ಇದ್ನೆರ್ಥ್ ಬರೀ ಅಣ್ಣ.

"ಮುಗೀತಲ್ಲ," ಎಂದ ರೀರಿದ್. "ಲೆಕ್ಕ ಕಮ್ಮಿ. ಕೋಲೆತ್ತು ಬ್ಯಾರನ್ನೇ."

ಇದ್ನೆರ್ಥ್ ಕೋಲನ್ನು ಎತ್ತಲಿಲ್ಲ. ಕಲ್ಲಿನ ಮೇಲಿಟ್ಟ. ಕೆಳಗಿಳಿದು ಬಂದು ಎಂಟು ಮಂದಿಯ ಸಾಲಿನ ಕೊನೆಯಲ್ಲಿ, ನೇಯುವ ಮುದುಕಿಯ ಪಕ್ಕ ನಿಂತು, ಗಂಟೆಯ ಮೇಲೆ ಕೈಯಿಟ್ಟ.

"ಒಂಬತ್ತನೇ ಮನೆ ನಂದು. ಬಾಗಿಲಿಗೆ ಅಗಳಿ ಹಾಕಿ ದೊರೆ ಮನೇಲಿಲ್ಲ ಅಂದೆ. ಒಳಗೆ ಅಂಬಲಿ ಇತ್ತು."

ಮೊದಲು ಕೂಗಿದವನು ಕದೂಗನ್.

"ಸುಳ್ಳು! ನನ್ನ ಉಳಿಸೋಕೆ ಹೇಳ್ತಿದಾನೆ. ನಾನು ಅಣ್ಣನ ಮನೆ ಕಡೆ ತಲೆಹಾಕೇ ಇಲ್ಲ. ಆ ಬಾಗಿಲಿಗೆ ಅಗಳಿ ಎಲ್ಲಿದೆ? ಹಾಡು ಕೇಳಿಲ್ವಾ ನೀವು?"

"ಕೇಳಿದ್ರಾ?" ರೀರಿದ್ ಎದ್ದು ನಿಂತ. "ಅವನೇ ಬಂದಿಲ್ಲ ಅಂತಾನೆ. ಒಬ್ಬನ ಮಾತಿಗೆ ಇನ್ನೊಬ್ಬನ ಮಾತು."

ಇಥೆಲ್ ಗಡ್ಡ ನೀವಿದ. "ಒಬ್ಬನದು ಗಂಟೆ ಮೇಲಿನ ಮಾತು. ಇನ್ನೊಬ್ಬನೂ ಮುಟ್ಲಿ. ಬಾ ಕದೂಗನ್, ಮುಟ್ಟಿ ಹೇಳು, ಹೋಗಿಲ್ಲ ಅಂತ."

ಕಟ್ಟಿದ ಎರಡೂ ಕೈಗಳನ್ನು ಕದೂಗನ್ ಗಂಟೆಯವರೆಗೆ ಚಾಚಿದ. ಬೆರಳು ತಾಕಲು ಕೂದಲೆಳೆಯಷ್ಟು ಉಳಿದಿತ್ತು. ಅಲ್ಲೇ ನಿಂತವು. ಹಸಿವಿಗೆ ಕುರಿ ಕದ್ದ ಕೈ, ಅಣ್ಣನ ಮಾನಕ್ಕೆ ಕತ್ತು ಕೊಡಲು ಸಿದ್ಧನಾದವನ ಕೈ, ದೇವರೆದುರು ಸುಳ್ಳಿಗೆ ಮುಂದೆ ಹೋಗಲಿಲ್ಲ. ಅದನ್ನು ನೋಡಿ ಪಾದ್ರಿಗಳು ಗಂಟೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

"ಯಾಕಣ್ಣ ಹೇಳ್ದೆ?" ಎಂದ ಕದೂಗನ್. "ನಂಗೆ ಆವತ್ತೇ ದನಿ ಗೊತ್ತಾಗಿತ್ತು. ನಾನು ಹೇಳ್ತಿರ್ಲಿಲ್ಲ ಕಣೋ."

"ಗೊತ್ತು," ಎಂದ ಇದ್ನೆರ್ಥ್.

ಸಾಕ್ಷಿ ನುಡಿದವನು ತೀರ್ಪು ಹೇಳುವ ಹಾಗಿಲ್ಲ. ಕಲ್ಲಿನ ಮೇಲಿದ್ದ ಕೋಲನ್ನು ಇಥೆಲ್ ಎತ್ತಿದ. ಇಪ್ಪತ್ತೇಳು ಮನೆ. ಬಿಡುಗಡೆ. ಕೋಟೆಯವರೂ ಬೆರಳು ತೋರಿಸಲಾಗದಂತೆ ಕಟ್ಟಳೆಯ ಪ್ರಕಾರವೇ ಆಗಿತ್ತು.

ರೀರಿದ್ ಕುದುರೆ ಹತ್ತುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದ: "ಅಂಬಲಿ ಬ್ಯಾರನ್!" ಕೆಲವರು ನಕ್ಕರು. ಆ ಹೆಸರು ಸಂಜೆಯೊಳಗೆ ಹೊಳೆ ದಾಟುತ್ತದೆ, ಈಸ್ಟರ್ ಹೊತ್ತಿಗೆ ಕವಿಯನ್ನು ತಲುಪುತ್ತದೆ ಎಂದು ಇದ್ನೆರ್ಥನಿಗೆ ತಿಳಿದಿತ್ತು.

ಅವನು ಪಾದ್ರಿಗಳ ಬಳಿ ನಿಂತು ಪಿಸುಗುಟ್ಟಿದ: "ಈಗಲಾದ್ರೂ ಕಳಚ್ತಾ?"

"ಮಾನ ಹೋಯ್ತು. ಬ್ಯಾರನ್‌ತನ ಇದೆ," ಎಂದರು ಪಾದ್ರಿಗಳು. "ಇನ್ನು ಮಾನ ಇಲ್ಲದೆ ಅದನ್ನ ಹೊರೋದು ಕಲ್ತ್ಕೋ. ದೇವರ ಮಗನೂ ಶಿಲುಬೆಯನ್ನ ಹಾಗೇ ಹೊತ್ತ."

ಮಾರೆದ್ ಒಲೆಯ ಪಕ್ಕ ಮೂರು ಬಟ್ಟಲು ಇಟ್ಟಿದ್ದಳು. ಸುದ್ದಿ ಅವಳಿಗೆ ಮೊದಲೇ ಮುಟ್ಟಿತ್ತು. ಬೆಟ್ಟದ ಮಕ್ಕಳಿಗೆಂದು ಗಡಿಗೆಯೊಂದರಲ್ಲಿ ಬೇರೆ ಹಾಕಿ ಬಾಯಿ ಕಟ್ಟಿದ್ದಳು. ಕದೂಗನ್ ಒಂದು ಗುಟುಕು ಕುಡಿದು, ತುಟಿ ಒರೆಸಿಕೊಂಡು, ಮುಖ ಸಿಂಡರಿಸಿದ.

"ಉಪ್ಪೇ ಇಲ್ವಲ್ಲ ದೊರೆ."

"ದೊರೆ ಮನೇಲಿಲ್ಲ," ಎಂದ ಇದ್ನೆರ್ಥ್.

ಕದೂಗನ್‌ಗೆ ನಗು ಬಂತು. ನಗುತ್ತಾ ಅಂಬಲಿ ನೆತ್ತಿಗೇರಿ ಕೆಮ್ಮಿದ. ಇದ್ನೆರ್ಥ್ ಅವನ ಬೆನ್ನು ತಟ್ಟುತ್ತಿರುವಾಗಲೇ ಹೊರಗೆ ಹಿಮದಲ್ಲಿ ಹೆಜ್ಜೆ ಸಪ್ಪಳವಾಯಿತು. ನ್ಯಾಯ ಸಾರುವವನು ಕೋಲು ತಂದಿದ್ದ. ಸರದಿ ಮುಗಿಯುವವರೆಗೆ ಕೋಲು ಸರದಿಯವನ ಮನೆಯಲ್ಲೇ ಇರಬೇಕು.

"ಬ್ಯಾರನ್ ಇದ್ನೆರ್ಥ್! ಬ್ಯಾರನ್ ಇದ್ದಾರಾ ಒಳಗೆ?"

ಇದ್ನೆರ್ಥ್ ಬಟ್ಟಲು ಕೆಳಗಿಟ್ಟ.

"ಇದ್ದೀನಿ," ಎಂದು ಎದ್ದು ಹೋಗಿ ಬಾಗಿಲು ತೆರೆದ.