ಒಂದು ಕತ್ತಿ ಕಡಿಮೆ

ಕುರಿಯ ಕತ್ತು ಹಿಂದಕ್ಕೆ ಬಾಗಿಸುವಾಗ ಕಟುಕ ಅದರ ಕಣ್ಣು ನೋಡುತ್ತಿರಲಿಲ್ಲ. ದವಡೆಯ ಸಂದು ನೋಡುತ್ತಿದ್ದ. ಕಿವಿಯ ಕೆಳಗೆ, ಎಲುಬಿಗೆ ಎಲುಬು ಸೇರುವ ಜಾಗದಲ್ಲಿ ಹೆಬ್ಬೆರಳು ಒತ್ತಿದರೆ ಎಂಥ ಹಟಮಾರಿ ಟಗರಾದರೂ ಬಾಯಿ ಬಿಡುತ್ತದೆ. ಬಾಯಿ ಬಿಟ್ಟ ಪ್ರಾಣಿ ಕತ್ತು ಸಡಿಲಿಸುತ್ತದೆ. ಆಮೇಲೆ ಒಂದೇ ಎಳೆತ. ರಕ್ತ ಮೊದಲು ಚಿಮ್ಮಿ, ಆಮೇಲೆ ಸುರಿದು, ಕೊನೆಗೆ ಜಿನುಗಿ ಮೋರಿಯ ದಾರಿ ಹಿಡಿಯುವವರೆಗೂ ಅವನು ಮಂಡಿಯೂರಿ ಅದರ ಒದೆತವನ್ನು ತಡೆದುಕೊಳ್ಳುತ್ತಿದ್ದ. ಮೀಸೆ ಬೆಳ್ಳಗಾಗಿತ್ತು, ಹಿಡಿತ ಸಡಿಲವಾಗಿರಲಿಲ್ಲ.

ಮಾಂಸ ಮಾರುವುದರ ಜೊತೆಗೆ ಮದ್ದು ಹೇಳುವುದೂ ಅವನ ಕಸುಬಿನೊಳಗೇ ಸೇರಿತ್ತು. ಮೂಳೆ ಮುರಿದವರಿಗೆ ಕುರಿಯ ಕಾಲು, ಎದೆ ನೋವೆಂದವರಿಗೆ ಗುಂಡಿಗೆ, ಓದು ತಲೆಗೆ ಹತ್ತದ ಮಕ್ಕಳಿಗೆ ಮಿದುಳು. "ಎಲ್ಲಿ ಕೆಟ್ಟಿದೆಯೋ ಅಲ್ಲಿಯದೇ ತಿನ್ನಬೇಕು" ಎಂದು ಅವನಪ್ಪ ಹೇಳುತ್ತಿದ್ದ, ಇವನೂ ಹೇಳುತ್ತಿದ್ದ. ವಾಸಿಯಾದವರು ಬಂದು ಹೊಗಳಿ ಹೋಗುತ್ತಿದ್ದರು. ವಾಸಿಯಾಗದವರು ಮತ್ತೆ ಬರುತ್ತಲೇ ಇರಲಿಲ್ಲ. ಹೀಗಾಗಿ ಅವನ ಲೆಕ್ಕದಲ್ಲಿ ಅವನ ಮದ್ದು ತಪ್ಪಿದ್ದೇ ಇಲ್ಲ.

"ಏನಣ್ಣ, ಹುಲಿ ಮನೇಲಿ ಮೊಲ ಹುಟ್ಟಿದೆಯಂತೆ?" ಎದುರಂಗಡಿಯ ಮೊಟ್ಟೆಯವನು ಒಂದು ದಿನ ಗಿರಾಕಿಗಳೆಲ್ಲ ಕೇಳುವ ಹಾಗೆ ಕೂಗಿದ. "ಮೊಮ್ಮಗಳಿಗೆ ಬರೀ ಸೌತೆಕಾಯಂತೆ, ಅದೂ ತೂಕ ಹಾಕಿ!"

"ನಿನ್ನ ಮೊಟ್ಟೆ ಒಡೆದು ನಿನ್ನ ಬೋಳುತಲೆ ಮೇಲೇ ಆಮ್ಲೆಟ್ ಹಾಕ್ತೀನಿ, ನೋಡ್ತಿರು."

"ಹಾಕಪ್ಪ. ನಿನ್ನ ಮೊಮ್ಮಗಳಂತೂ ತಿನ್ನೋ ಹಾಗಿಲ್ಲ."

ಅಂಗಡಿ ಸಾಲೆಲ್ಲ ನಕ್ಕಿತು. ಕಟುಕ ನಗಲಿಲ್ಲ. ಕೈಯಲ್ಲಿದ್ದ ಮಚ್ಚನ್ನು ಕೊರಡಿಗೆ ಎಷ್ಟು ಬಲವಾಗಿ ಹೊಡೆದನೆಂದರೆ ಅದನ್ನು ಕೀಳಲು ಒಳಗಿನಿಂದ ಮಗನೇ ಬರಬೇಕಾಯಿತು.

ಮೊಮ್ಮಗಳನ್ನು ಮನೆಯವರೆಲ್ಲ ಮಿಡತೆ ಎಂದೇ ಕರೆಯುತ್ತಿದ್ದರು. ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಹೊಸಿಲಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ತಾತನ ಬೆನ್ನಿಗೆ ಹಾರುವುದೇ ಕೆಲಸ. ಹುಟ್ಟಿದ ವಾರದಲ್ಲೇ ಆಸ್ಪತ್ರೆಯವರು ಅವಳ ಹಿಮ್ಮಡಿ ಚುಚ್ಚಿ ರಕ್ತ ತೆಗೆದು, ಆಮೇಲೆ ಮನೆಯವರನ್ನೆಲ್ಲ ಕರೆಸಿ ಕೂರಿಸಿದ್ದರು. ಊಟದ ವಿಷಯ ನೋಡಿಕೊಳ್ಳುವ ಡಾಕ್ಟರಮ್ಮ ಕಟುಕನ ಕಸುಬು ಕೇಳಿ ತಿಳಿದು, ಅವನಿಗೆ ಅರ್ಥವಾಗುವ ಹಾಗೆಯೇ ಹೇಳಿದ್ದಳು.

"ನೀವು ಕುರೀನ ಬಿಡಿಸ್ತೀರಲ್ಲ, ತೊಡೆ ಬೇರೆ, ಪಕ್ಕೆ ಬೇರೆ ಅಂತ? ಹೊಟ್ಟೆ ಪ್ರೋಟೀನನ್ನ ಹಾಗೇ ಬಿಡಿಸುತ್ತೆ. ಮಾಂಸ, ಹಾಲು, ಮೊಟ್ಟೆ, ಬೇಳೆ ಏನೇ ತಿನ್ನಿ, ಕೊನೆಗೆ ಸಿಗೋದು ಇಪ್ಪತ್ತು ಥರದ ಸಣ್ಣ ತುಂಡುಗಳು. ಅಮೈನೋ ಆಮ್ಲ ಅಂತೀವಿ. ಮೈ ಕಟ್ಟೋದೇ ಅವುಗಳಿಂದ. ಅದರಲ್ಲಿ ಒಂದು ತುಂಡನ್ನ ಕತ್ತರಿಸೋ ಕತ್ತಿ ಲಿವರ್‌ನಲ್ಲಿರುತ್ತೆ. ನಿಮ್ಮ ಮಗುಗೆ ಆ ಕತ್ತಿ ಇಲ್ಲ. ಆ ತುಂಡು ರಕ್ತದಲ್ಲಿ ರಾಶಿ ಬಿದ್ದು ಮಿದುಳಿಗೆ ಹೋಗುತ್ತೆ."

"ಹೋದ್ರೆ ಏನಾಗುತ್ತೆ?" ಸೊಸೆ ಕೇಳಿದ್ದಳು.

"ಕೈ ನಡುಗುತ್ತೆ. ಕಲಿತ ಮಾತು ಹಿಂದೆ ಬೀಳುತ್ತೆ. ಫಿಟ್ಸ್ ಬರಬಹುದು. ಚಿಕ್ಕ ವಯಸ್ಸಲ್ಲಿ ಕೆಟ್ಟ ಮಿದುಳು ಮತ್ತೆ ಸರಿಹೋಗಲ್ಲಮ್ಮ. ಹಾಗಂತ ಆ ತುಂಡನ್ನ ಪೂರ್ತಿ ಬಿಡೋ ಹಾಗೂ ಇಲ್ಲ, ಬೆಳೆಯೋ ಮೈಗೆ ಅದೂ ಚೂರು ಬೇಕು. ಊಟ ಶುರುವಾದ ಮೇಲೆ ಮಾಂಸ, ಹಾಲು, ಮೊಟ್ಟೆ, ಬೇಳೆ ಮುಟ್ಟಿಸಬೇಡಿ; ಅದು ಅನ್ನ ತರಕಾರೀಲಿ ಬರಲಿ, ತೂಕ ಹಾಕಿ ಕೊಡಿ. ಉಳಿದ ತುಂಡುಗಳಿಗೆ ಈ ಪುಡಿ."

ಸೊಸೆ ಎಲ್ಲವನ್ನೂ ಕೇಳಿಸಿಕೊಂಡಳು. ಕಟುಕನ ಕಿವಿಗೆ ಬಿದ್ದದ್ದು ಒಂದೇ ಮಾತು: ಲಿವರ್ ಕೆಟ್ಟಿದೆ.

ಅಂದಿನಿಂದ ಸೊಸೆಯ ಅಡುಗೆಮನೆಯಲ್ಲಿ ದೊರೆಯಂತೆ ಮೆರೆದದ್ದು ಒಂದು ಪುಟ್ಟ ತಕ್ಕಡಿ. ಅನ್ನದ ಅಗುಳಿಗೂ ಆಲೂಗಡ್ಡೆಯ ಹೋಳಿಗೂ ಅದರ ಅಪ್ಪಣೆ ಬೇಕು. ಪುಡಿ ಕಲಸಿದ ಲೋಟ ಒದ್ದೆ ಗೋಣಿಯ ನಾತ ಹೊಡೆಯುತ್ತಿತ್ತು. ಮಿಡತೆ ಮೂಗು ಮುಚ್ಚಿಕೊಂಡು ಕುಡಿದು, ಖಾಲಿ ಲೋಟವನ್ನು ಟೋಪಿಯಂತೆ ತಲೆಗೆ ಹಾಕಿಕೊಳ್ಳುತ್ತಿದ್ದಳು. ನಾಲ್ಕು ತುಂಬುವ ಹೊತ್ತಿಗೆ ವಟವಟ ಮಾತಾಡುತ್ತಿದ್ದಳು, ಎಣಿಸುತ್ತಿದ್ದಳು, ಮೊಟ್ಟೆಯವನನ್ನು ಅಣಕಿಸುತ್ತಿದ್ದಳು. ಅದು ತಕ್ಕಡಿಯ ಪುಣ್ಯವೆಂದು ಕಟುಕನಿಗೆ ಹೊಳೆಯಲಿಲ್ಲ. ಅವನಿಗೆ ಕಂಡದ್ದು ಅವಳ ಕಡ್ಡಿಯಂಥ ತೋಳು.

ಸೊಸೆ ಮಧ್ಯಾಹ್ನ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುವಾಗ ಮಗುವನ್ನು ಅಂಗಡಿಯಲ್ಲಿ ಬಿಡುತ್ತಿದ್ದಳು. ಮೊಟ್ಟೆಯವನು ನಗಿಸಿದ ಮಾರನೆಯ ದಿನ, ಮಗ ಸಂತೆಗೆ ಕುರಿ ತರಲು ಹೋಗಿದ್ದಾಗ, ಕಟುಕ ಹಿಂಬದಿಯಲ್ಲಿ ಒಣಹಾಕಿದ ಚರ್ಮಗಳ ಮರೆಯಲ್ಲಿ ಚಹದ ಪಾತ್ರೆಯಿಟ್ಟು ಎಳೆಗುರಿಯ ಲಿವರ್ ಬೇಯಿಸಿದ. ಉಗುರಗಲದ ತುಂಡೊಂದನ್ನು ಊದಿ ಆರಿಸಿ ಅವಳ ಬಾಯಿಗಿಟ್ಟ.

ಮಿಡತೆ ಅಗಿದಳು. ಕಣ್ಣು ಅರಳಿತು. ಅಂಥ ರುಚಿಯೊಂದು ಲೋಕದಲ್ಲಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ತಾತ, ಇನ್ನೊಂದು."

"ಇನ್ನೊಂದು ಕೊಡ್ತೀನಿ. ಆದ್ರೆ ಅಮ್ಮಂಗೆ ಹೇಳಬಾರ್ದು, ಅಪ್ಪಂಗೂ ಹೇಳಬಾರ್ದು." ಅವನು ತುಟಿಯ ಮೇಲೆ ಬೆರಳಿಟ್ಟ. ಅವಳೂ ಇಟ್ಟಳು. ಮುಂದೆ ಅದೇ ಅವರ ಭಾಷೆಯಾಯಿತು. ತುಟಿಯ ಮೇಲೆ ಬೆರಳು, ಆಮೇಲೆ ತೆರೆದ ಬಾಯಿ.

ಕೆಲವು ವಾರ ಕಳೆದವು. ಮಿಡತೆಯಲ್ಲಿ ಮೊದಲು ಕಾಣಿಸಿದ್ದು ಸಿಟ್ಟು. ಲೋಟ ಎತ್ತಿ ಗೋಡೆಗೆ ಎಸೆದಳು. ಪಕ್ಕದ ಮನೆಯ ಮಗುವಿನ ಕೆನ್ನೆಯನ್ನು ಹಲ್ಲಿನ ಗುರುತು ನಿಲ್ಲುವ ಹಾಗೆ ಕಚ್ಚಿದಳು. ಆಮೇಲೆ ಗೋಡೆಗೆ ತಲೆ ಚಚ್ಚಿಕೊಳ್ಳಲು ಶುರುಮಾಡಿದಳು, ಅಳದೆ, ಕಣ್ಣು ಮಿಟುಕಿಸದೆ, ಯಾರೋ ಬಾಗಿಲು ತಟ್ಟುವ ಹಾಗೆ. ಅವಳ ಬೆವರಿಗೆ ಇಲಿಯ ವಾಸನೆ ಬಂತು. ವಾಸನೆಯಲ್ಲೇ ಬದುಕು ಸವೆಸಿದ ಕಟುಕನಿಗೆ ಅದು ಎಲ್ಲರಿಗಿಂತ ಮೊದಲು ತಿಳಿಯಿತು. ಕೆಟ್ಟದ್ದು ಹೊರಗೆ ಬೀಳುತ್ತಿದೆ, ಮದ್ದು ಹಿಡಿಯುತ್ತಿದೆ ಎಂದುಕೊಂಡು ತುಂಡನ್ನು ಇನ್ನಷ್ಟು ದೊಡ್ಡದು ಮಾಡಿದ.

ಆಸ್ಪತ್ರೆಯಿಂದ ಫೋನ್ ಬಂತು. ಈ ತಿಂಗಳು ಪರೀಕ್ಷೆಗೆ ಕೊಟ್ಟ ರಕ್ತದಲ್ಲಿ ಆ ತುಂಡು ಮೂರು ಪಟ್ಟು ಏರಿದೆ. ಜ್ವರ ಬಂದಿತ್ತೇ? ಇಲ್ಲ. ಊಟ ಸರಿಯಾಗಿ ಕೊಡುತ್ತಿದ್ದೀರಾ? ಹೊಟ್ಟೆಗೆ ಸಾಲದಿದ್ದರೆ ಮೈ ತನ್ನ ಸ್ನಾಯುವನ್ನೇ ತಾನು ಕತ್ತರಿಸಿ ತಿನ್ನುತ್ತದೆ, ಆಗಲೂ ಅದೇ ತುಂಡು ಹೊರಬೀಳುತ್ತದೆ.

ಫೋನ್ ಹಿಡಿದಿದ್ದವನು ಮಗ. ಫೋನ್ ಇಟ್ಟು ಅಡುಗೆಮನೆಗೆ ನಡೆದ.

"ಉಪವಾಸ ಕೆಡವಿದ್ದೀಯೇನೇ ನನ್ನ ಮಗಳನ್ನ? ತಕ್ಕಡೀಲಿ ತೂಗಿ ತೂಗಿ ಸಾಯಿಸ್ತಿದ್ದೀಯಾ?"

"ರೀ, ಅವರು ಹೇಳಿದಷ್ಟೇ..."

ಮಾತು ಅಲ್ಲಿಗೆ ತುಂಡಾಯಿತು. ಕಟುಕ ಗೋಡೆಯ ಈಚೆ ಮಂಚದ ಮೇಲೆ ಕೂತಿದ್ದ. ಮಾಂಸಕ್ಕೆ ಅಂಗೈ ಬಿದ್ದರೆ ಎಂಥ ಸದ್ದು, ಮುಷ್ಟಿ ಬಿದ್ದರೆ ಎಂಥ ಸದ್ದು, ಎಲುಬಿಗೆ ತಗುಲಿದರೆ ಎಂಥ ಸದ್ದು ಎಂದು ಅವನಿಗೆ ಗೊತ್ತಿತ್ತು. ಮೂರನ್ನೂ ಕೇಳಿದ. ಎದ್ದು ಹೋಗಿ ಒಂದು ಮಾತು ಆಡಿದರೆ ಸಾಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಿದ್ದಾನೆ ಮಗ, ಬೆಂಕಿ ಹಚ್ಚಿದವನು ತಾನು. ನಾಲಿಗೆ ಮೇಲೆ ಮಾತು ಬಂದು ಕೂತಿತ್ತು, ಇಳಿಯಲಿಲ್ಲ. ಇನ್ನು ಸ್ವಲ್ಪ ದಿನ, ಲಿವರ್ ಬಲಿಯಲಿ, ಮಗು ಮೈ ತುಂಬಿಕೊಳ್ಳಲಿ; ಆಗ ತಾನೇ ಹೇಳಿದರಾಯಿತು, ಆಗ ಇಬ್ಬರೂ ನಗುತ್ತಾರೆ. ಹೀಗೆಂದುಕೊಂಡು ಅವನು ತನ್ನ ಮಂಡಿಯನ್ನು ಒದೆಯುವ ಕುರಿಯನ್ನು ಹಿಡಿದಂತೆ ಹಿಡಿದುಕೊಂಡು ಕೂತೇ ಇದ್ದ. ಗೋಡೆಯಾಚೆ ಸೊಸೆ ಕೂಗಲಿಲ್ಲ.

ಮಾರನೆಯ ದಿನ ಅವಳು ಊದಿದ ತುಟಿಯಲ್ಲೇ ಅವನಿಗೆ ಊಟ ಬಡಿಸಿದಳು. "ಸಾಕಾ ಮಾವ?" ಎಂದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅಂದು ಮಧ್ಯಾಹ್ನ ಮಿಡತೆಗೆ ಎರಡು ತುಂಡು ಹೆಚ್ಚಿಗೆ ಕೊಟ್ಟ.

ಮಗುವಿನ ಕೈ ನಡುಗತೊಡಗಿತು. ಎಣಿಸುವಾಗ ಐದರ ಮುಂದೆ ದಾರಿ ತಪ್ಪಿತು. ಆಸ್ಪತ್ರೆಯಿಂದ ಮತ್ತೆ ಫೋನ್ ಬಂತು.

ಆ ಭಾನುವಾರ ಅಂಗಡಿ ಮುಚ್ಚಿ ತಂದೆ ಮಗ ಇಬ್ಬರೂ ಮನೆಯಲ್ಲಿದ್ದರು. ಮಗ ಈ ಸಲ ಕೇಳುವುದಕ್ಕೂ ನಿಲ್ಲಲಿಲ್ಲ. ಹೆಂಡತಿಯ ಜಡೆ ಹಿಡಿದು ಎಳೆದು ತಂದು ತಕ್ಕಡಿಯ ಮೇಲೆ ಅವಳ ಮುಖ ಒತ್ತಿದ. "ತೂಗು! ಈಗ ತೂಗು! ನಿನ್ನ ತಲೆ ಎಷ್ಟು ಬರುತ್ತೆ ನೋಡೋಣ!" ತಕ್ಕಡಿಯ ತಟ್ಟೆ ಸೊಟ್ಟಗಾಯಿತು. ಅವಳ ಹುಬ್ಬು ಒಡೆದು ರಕ್ತ ಅಕ್ಕಿಯ ಡಬ್ಬದೊಳಗೆ ತೊಟ್ಟಿಕ್ಕಿತು. ಮೂಲೆಯಲ್ಲಿ ಮಿಡತೆ ಗೋಡೆಗೆ ತಲೆ ಚಚ್ಚುತ್ತಿದ್ದಳು. ಕಟುಕ ಬಾಗಿಲಲ್ಲಿ ಬಂದು ನಿಂತ.

ತಾತನನ್ನು ಕಂಡು ಮಗು ಚಚ್ಚುವುದನ್ನು ನಿಲ್ಲಿಸಿತು. ತೂರಾಡುತ್ತ ಬಂದು ಅವನ ಮುಂದೆ ನಿಂತು ನಡುಗುವ ಬೆರಳನ್ನು ತುಟಿಯ ಮೇಲಿಟ್ಟುಕೊಂಡಿತು. ಆಮೇಲೆ ಹಕ್ಕಿಮರಿಯ ಹಾಗೆ ಬಾಯಿ ಅಗಲಿಸಿ ಕಾದಿತು.

ಮಗನ ಕೈ ಜಡೆಯಲ್ಲೇ ನಿಂತಿತು. ಸೊಸೆ ಕಣ್ಣಿನ ರಕ್ತ ಒರೆಸಿಕೊಂಡು ಮಗುವನ್ನು ನೋಡಿದಳು, ಮಾವನನ್ನು ನೋಡಿದಳು.

"ಏನು ಕೊಟ್ಟಿದ್ದೀರಾ ಮಾವ?"

"ಲಿವರ್," ಎಂದ ಕಟುಕ. "ಅವಳಿಗೆ ಕೆಟ್ಟಿರೋದು ಲಿವರ್ ಅಲ್ವಾ... ಅದಕ್ಕೆ ಲಿವರ್."

ಮಗ ನುಗ್ಗಿದ. ಮುದುಕ ಮನಸ್ಸು ಮಾಡಿದ್ದರೆ ಅವನನ್ನು ಒಂದೇ ಕೈಯಲ್ಲಿ ನೆಲಕ್ಕೆ ಕೆಡವಬಹುದಿತ್ತು, ಕೈ ಎತ್ತಲಿಲ್ಲ. ಮೊದಲ ಹೊಡೆತಕ್ಕೆ ಹಲ್ಲು ಅಲುಗಿತು, ಎರಡನೆಯದಕ್ಕೆ ಬೆನ್ನು ಬಾಗಿಲಿಗೆ ಬಡಿಯಿತು. "ಇದೇ ಕೈಯಲ್ಲಿ ತಾನೇ ತಿನ್ನಿಸಿದ್ದು? ಇದೇ ಕೈಯಲ್ಲಿ?" ಎನ್ನುತ್ತ ಮಗ ಅವನ ಬಲಗೈಯನ್ನು ಚೌಕಟ್ಟಿಗೆ ಒತ್ತಿ ಹಿಡಿದು ಬಾಗಿಲನ್ನು ರಪ್ಪೆಂದು ಬಡಿದ. ಎಲುಬು ಮುರಿದ ಸದ್ದು ಕಟುಕನಿಗೆ ಹೊಸದಲ್ಲ. ಬಾಗಿಲು ಇನ್ನೊಮ್ಮೆ ಬಂತು.

"ಸಾಕು, ಬಿಡು ಅವರನ್ನ."

ಮಗ ತಿರುಗಿದ. ಮದುವೆಯಾದಂದಿನಿಂದ ಅವಳು ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಅವಳ ಕೈಯಲ್ಲಿ ಸೊಟ್ಟಗಾದ ತಟ್ಟೆ ಇತ್ತು.

"ನಿನ್ನ ಕೈಗೆ ಯಾರಾದ್ರೂ ಒಬ್ರು ಬೇಕು, ಅಷ್ಟೇ. ಇಷ್ಟು ಹೊತ್ತು ನಾನು, ಈಗ ಅವರು. ಹೋಗು, ಅಂಗಡೀಲಿ ಮಲಕ್ಕೋ. ಈ ಮನೆ ಹೊಸಿಲು ದಾಟಿದ್ರೆ ಮಚ್ಚು ಎಲ್ಲಿರುತ್ತೆ ಅಂತ ನನಗೂ ಗೊತ್ತು."

ಮಗ ಒಂದು ಹೆಜ್ಜೆ ಮುಂದಿಟ್ಟ. ಅವಳು ತಟ್ಟೆಯ ಅಂಚಿನಿಂದ ಅವನ ಬಾಯಿಗೆ ಹೊಡೆದಳು. ತುಟಿ ಸೀಳಿತು. ಅವನು ತುಟಿ ಮುಟ್ಟಿಕೊಂಡು, ಬೆರಳಿನ ರಕ್ತ ನೋಡಿಕೊಂಡು, ಹೊರಗೆ ಹೋದ.

ಆಮೇಲೆ ಅವಳು ಮಾವನ ಕಡೆ ತಿರುಗಿದಳು. ಅವನೂ ಏಟಿಗೆ ಸಿದ್ಧನಾಗಿ ಕಣ್ಣು ಮುಚ್ಚಿದ. ಏಟು ಬೀಳಲಿಲ್ಲ.

"ನೀವು ಕೊಟ್ಟಿದ್ದು ತಿಳೀದೆ ಕೊಟ್ರಿ. ಆದ್ರೆ ನಾನು ಹೊಡೆಸಿಕೊಳ್ಳೋದು ಗೋಡೆ ಆಚೆ ಕೇಳಿಸ್ತಿತ್ತಲ್ಲ ಮಾವ, ಅದು ತಿಳೀಲಿಲ್ವಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ರಕ್ತದಲ್ಲಿರುವ ಆ ತುಂಡನ್ನು ಬೇಗ ಇಳಿಸಿದರೆ ಮಿದುಳು ಒಂದಷ್ಟು ಉಳಿಯುತ್ತದೆ, ಎಷ್ಟೆಂದು ಈಗ ಹೇಳಲಾಗುವುದಿಲ್ಲ ಎಂದಳು ಡಾಕ್ಟರಮ್ಮ. ಪುಡಿಯೊಂದನ್ನು ಮಾತ್ರ ಒಂದು ಹೊತ್ತೂ ತಪ್ಪಿಸುವಂತಿಲ್ಲ. ಆದರೆ ರುಚಿ ಕಂಡ ಬಾಯಿ ಪುಡಿಗೆ ಒಪ್ಪಲಿಲ್ಲ. ಲೋಟ ಕಂಡರೆ ಮಿಡತೆ ಒದೆಯುತ್ತಿದ್ದಳು, ಉಗಿಯುತ್ತಿದ್ದಳು, ನೆಲಕ್ಕೆ ತಲೆ ಚಚ್ಚುತ್ತಿದ್ದಳು. ಒಬ್ಬರಿಂದ ಆಗುವ ಕೆಲಸವಾಗಿರಲಿಲ್ಲ.

"ಹಿಡ್ಕೊಳ್ಳಿ ಮಾವ," ಎಂದಳು ಸೊಸೆ. ಅವರಿಬ್ಬರ ನಡುವೆ ಉಳಿದಿದ್ದ ಮಾತು ಅಷ್ಟೇ.

ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ಅವನು ಎಡಗೈಯಲ್ಲಿ ಮಗುವನ್ನು ಬಳಸಿ ತೊಡೆಯ ಮೇಲೆ ಕೂರಿಸಿಕೊಂಡ. ಮಿಡತೆ ಒದೆಯುವುದನ್ನು ನಿಲ್ಲಿಸಿದಳು. ಕತ್ತೆತ್ತಿ ಅವನನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟು ಬಾಯಿ ತೆರೆದಳು. ಅವನು ಎಡಗೈ ಬಿಚ್ಚಿ ತೋರಿಸಿದ. ಖಾಲಿ ಅಂಗೈ.

ಅವಳು ಅಂಗೈಯನ್ನೇ ಕಚ್ಚಿದಳು. ಹೆಬ್ಬೆರಳಿನ ಬುಡದ ದಪ್ಪ ಮಾಂಸಕ್ಕೆ ಪುಟ್ಟ ಹಲ್ಲುಗಳು ಇಳಿದವು. ಅವನು ಕೈ ಎಳೆದುಕೊಳ್ಳಲಿಲ್ಲ. ಕಚ್ಚಲಿ. ಮಗನ ಬಾಗಿಲು ಕೊಡದ ಒಂದು ಸಮಾಧಾನವನ್ನು ಈ ಹಲ್ಲು ಕೊಡುತ್ತಿದೆ ಎನ್ನಿಸಿತು. ಚರ್ಮ ಹರಿದು ಬೆಚ್ಚಗಿನ ರಕ್ತ ಅವಳ ಗಲ್ಲದ ಮೇಲೆ ಇಳಿಯಿತು. ಕಚ್ಚಲಿ, ಎಷ್ಟು ಬೇಕೋ ಅಷ್ಟು.

ಅವಳ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ನುಂಗಿದ್ದಳು.

ಕಟುಕ ಬೆಚ್ಚಿಬಿದ್ದ. ರಕ್ತ, ಮಾಂಸ. ಕುರಿಯದಾದರೇನು, ತನ್ನದಾದರೇನು, ಬಿಡಿಸಿದರೆ ಸಿಗುವುದು ಅದೇ ಇಪ್ಪತ್ತು ತುಂಡು. ಡಾಕ್ಟರಮ್ಮನ ಮಾತು ನಾಲ್ಕು ವರ್ಷ ತಡವಾಗಿ ಅವನ ತಲೆಗೆ ಇಳಿಯಿತು. ಪ್ಲಾಸ್ಟರಿನ ತುದಿಯಲ್ಲಿ ಹೊರಗಿದ್ದ ಹೆಬ್ಬೆರಳಿನಿಂದ ಅವಳ ಕಿವಿಯ ಕೆಳಗೆ, ದವಡೆಯ ಸಂದು ಹುಡುಕಿ ಒತ್ತಿದ. ಮುರಿದ ಕೈಯ ನೋವು ಹೆಗಲವರೆಗೂ ಹತ್ತಿ ಕಣ್ಣು ಕತ್ತಲಿಟ್ಟಿತು. ಬಿಡದೆ ಒತ್ತಿದ. ಬಾಯಿ ತೆರೆಯಿತು.

"ನೀರು! ನೀರು ಕೊಡವ್ವ, ಬಾಯಿ ತೊಳಿ, ಒಂದು ತೊಟ್ಟೂ ಒಳಗೆ ಹೋಗಬಾರ್ದು!"

ಸೊಸೆ ನೀರು ಹೊಯ್ದು, ಬೆರಳು ಹಾಕಿ ಒರೆಸಿದಳು. ಕೆಂಪು ನೀರು ಇಬ್ಬರ ಬಟ್ಟೆಯ ಮೇಲೂ ಚೆಲ್ಲಿತು. ಮಗು ಕಿರುಚುತ್ತಿತ್ತು, ಒದೆಯುತ್ತಿತ್ತು, ನಡುವೆ ಉಸಿರು ಸಿಕ್ಕಾಗ "ತಾತ, ಇನ್ನೊಂದು, ಇನ್ನೊಂದು" ಎನ್ನುತ್ತಿತ್ತು.

"ಬಿಡಬೇಡಿ," ಎಂದಳು ಸೊಸೆ, ಲೋಟ ಎತ್ತಿಕೊಂಡು.

ಅವನು ಬಿಡಲಿಲ್ಲ. ತೆರೆದ ಬಾಯಿಗೆ ಅವಳು ಹುಯ್ಯುತ್ತ ಹೋದಳು, ಒಂದೊಂದೇ ಗುಟುಕು. ಕುರಿಯ ಕಣ್ಣನ್ನು ಯಾವತ್ತೂ ನೋಡದವನು ಆ ಹೊತ್ತು ಮಗುವಿನ ಕಣ್ಣು ನೋಡುತ್ತ ಕೂತಿದ್ದ, ಲೋಟ ಖಾಲಿಯಾಗುವವರೆಗೂ.