ನಿಮ್ಮ ಊರು ಯಾವುದು?

ನಾನು ಒಂದು ಪ್ರಶ್ನೆ. ಮೈಯೆಲ್ಲ ಸೇರಿ ಮೂರೇ ಪದ. ಬೆಂಗಳೂರಿನ ಒಂದು ಕಚೇರಿಯಲ್ಲಿ, ಜನಗಣತಿಗೆ ಪ್ರಶ್ನೆ ಸಿದ್ಧಪಡಿಸುವ ಸಭೆಯಲ್ಲಿ, ವಾರಿಜಾಕ್ಷಿ ಎಂಬ ಅಧಿಕಾರಿಯ ಬಾಯಿಂದ ಹುಟ್ಟಿದೆ. ವಲಸೆ ಬಂದವರ ಬಗ್ಗೆ ಕೇಳಲು ಉದ್ದುದ್ದ ಪ್ರಶ್ನೆಗಳು ಆಗಲೇ ಮೇಜಿನ ಮೇಲಿದ್ದವು. "ಇಷ್ಟೆಲ್ಲ ಯಾಕೆ? ಬಸ್ಸಿನಲ್ಲಿ ಪಕ್ಕದವರು ಕೇಳೋ ಹಾಗೆ ಕೇಳೋಣ," ಎಂದು ಅವಳು ನನ್ನನ್ನು ಮುಂದಿಟ್ಟಳು. ಉಳಿದವರು ಮೂಗು ಮುರಿದರು. ಹೆತ್ತವರಿಗೆ ಹೆಗ್ಗಣ ಮುದ್ದು, ಅವಳು ಬಿಡಲಿಲ್ಲ. ಸರಿ, ಮೊದಲು ಜನರ ಮುಂದೆ ಕೇಳಿ ನೋಡಿ ಎಂದರು.

ಸುಳ್ಯದ ಕಡೆಯ ರಬ್ಬರ್ ತೋಟಕ್ಕೆ ಹೋದೆವು. ಅಲ್ಲಿ ಸಿಲೋನಿನಿಂದ ಬಂದ ತಮಿಳರ ಸಾಲುಮನೆಗಳಿವೆ. ರಬ್ಬರ್ ಮರ ಕೆತ್ತಿ, ಇಳಿದ ಹಾಲನ್ನು ತೋಟದವರಿಗೆ ಒಪ್ಪಿಸಿ ಆಗಷ್ಟೇ ಬಂದಿದ್ದ ರಾಸಾತ್ತಿ ಸ್ಟೂಲು ಒರೆಸಿ ಕೊಟ್ಟಳು. ಪ್ರಶ್ನೆಗಳನ್ನು ಹೀಗೆ ಪರೀಕ್ಷಿಸುವಾಗ ಒಂದು ಕಟ್ಟುನಿಟ್ಟಿನ ನಿಯಮವಿದೆ. ಬರೆದದ್ದನ್ನು ಬರೆದಂತೆ ಕೇಳಬೇಕು, ಉತ್ತರ ಹೇಳಿಕೊಡಬಾರದು. ಮಾತೃಭಾಷೆ ಕೇಳಿದ್ದಕ್ಕೆ ರಾಸಾತ್ತಿ "ತಮಿಳು" ಎಂದಳು. ರಾಷ್ಟ್ರೀಯತೆಗೆ "ಇಂಡಿಯಾ" ಎಂದು ಗಟ್ಟಿಯಾಗಿಯೇ ಹೇಳಿದಳು. ಆಮೇಲೆ ನನ್ನ ಸರದಿ ಬಂತು.

ಅವಳು ಹೊಸ್ತಿಲ ಮೇಲೆ ಕೂತಳು.

"ಎಂತ ಹೇಳುದಮ್ಮ? ಹುಟ್ಟಿದ್ದು ಸಿಲೋನ್ ಟೀ ತೋಟದಲ್ಲಿ. ನಿಮ್ಮ ಊರಿಗೆ ಹೋಗಿ ಅಂತ ಅಲ್ಲಿಂದ ಕಳಿಸಿದ್ರು. ಇಲ್ಲಿಯವರು ನಮ್ಮನ್ನು ಸಿಲೋನಿನವರು ಅಂತ ಹೇಳುದು. ಅಮ್ಮನನ್ನು ಮಣ್ಣು ಮಾಡಿದ್ದು ಅಲ್ಲಿ, ಗಂಡನನ್ನು ಇಲ್ಲಿ. ಸ್ವಲ್ಪ ಯೋಚನೆ ಮಾಡ್ಬೇಕು. ಮುಂದಿನ ಸಲ ಬಂದಾಗ ಹೇಳ್ತೇನೆ. ಕೇಳ್ಬೇಕು, ಆಯ್ತಾ?"

"ಖಂಡಿತ ಕೇಳ್ತೇವೆ," ಎಂದಳು ವಾರಿಜಾಕ್ಷಿ. ಕಾಗದದ ಮೇಲೆ ಮಾತ್ರ 'ಉತ್ತರವಿಲ್ಲ' ಎಂದು ಬರೆಯಬೇಕಾಯಿತು.

ಸಾಲುಮನೆಗಳಲ್ಲಿ ಹೆಚ್ಚಿನವರದ್ದು ಇದೇ ಕಥೆ. ಜನರಿಗೆ ಅರ್ಥವಾಗದ ಪ್ರಶ್ನೆ ಎಂದು ಸಭೆ ನನಗೆ ಕತ್ತರಿ ಹಾಕಿತು. "ಅರ್ಥ ಆಗಿದೆ ಸಾರ್, ಉತ್ತರ ಹುಡುಕೋಕೆ ಟೈಮ್ ಕೇಳ್ತಿದ್ದಾರೆ," ಎಂದು ವಾರಿಜಾಕ್ಷಿ ಗೋಗರೆದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಜಾಗದಲ್ಲಿ 'ಜನ್ಮಸ್ಥಳ' ಬಂದು ಕೂತಿತು.

ಪ್ರಶ್ನೆಗಳಿಗೆ ಗುಜರಿ ಅಂಗಡಿಯಿಲ್ಲ. ಕೇಳಿಸಿಕೊಂಡವರ ಮನಸ್ಸೇ ನಮಗೆ ಗತಿ. ನಾನು ರಾಸಾತ್ತಿಯ ಬಳಿ ಉಳಿದೆ. ಮರ ಕೆತ್ತುವಾಗ, ಅಕ್ಕಿ ಆರಿಸುವಾಗ ಅವಳು ನನ್ನನ್ನು ಹೊರಳಿಸಿ ನೋಡುತ್ತಿದ್ದಳು. ಒಮ್ಮೊಮ್ಮೆ ಆ ಟೀ ತೋಟದ ಮಂಜು ನೆನೆದು ಅಳುತ್ತಿದ್ದಳು. ಅವಳ ಕೂದಲು ನೆರೆಯಿತು, ಮೊಮ್ಮಕ್ಕಳಾದರು.

ವರ್ಷಗಟ್ಟಲೆ ಮುಂದೆ ಹೋಗಿ ಕೊನೆಗೂ ಗಣತಿ ಬಂತು. ಮಡಿಸಿಟ್ಟ ಸೀರೆ ಉಟ್ಟು ರಾಸಾತ್ತಿ ಜಗಲಿಯಲ್ಲಿ ಕಾದಳು. ಬ್ಯಾಗು ಹಾಕಿಕೊಂಡು ಗಣತಿಗೆ ಬಂದ ಶಾಲೆಯ ಟೀಚರು ಜನ್ಮಸ್ಥಳ ಕೇಳಿ, 'ಶ್ರೀಲಂಕಾ' ಎಂದು ಬರೆದುಕೊಂಡು ಎದ್ದರು.

"ಊರು ಕೇಳುದಿಲ್ವಾ ಟೀಚರೇ?"

"ಅದು ಇದರಲ್ಲಿ ಇಲ್ಲ ಅಜ್ಜಿ. ನಿಮ್ಮದು ಮುಗೀತು."

"ಒಮ್ಮೆ ಕೇಳಿ. ನಾನು ಯೋಚನೆ ಮಾಡಿ ಇಟ್ಟಿದ್ದೇನೆ."

ಟೀಚರಿಗೆ ಇನ್ನೂ ಎಷ್ಟೋ ಮನೆಗಳಿದ್ದವು. ರಾಸಾತ್ತಿ ಅಂಗಳದ ಕೊನೆಯವರೆಗೂ ಹಿಂದೆ ಹೋದಳು. "ಇದೇ ನನ್ನ ಊರು! ನನ್ನನ್ನು ಇಲ್ಲಿಯೇ ಮಣ್ಣು ಮಾಡ್ಲಿಕ್ಕೆ ಮಕ್ಕಳಿಗೆ ಹೇಳಿ ಆಗಿದೆ," ಎಂದಳು. ಟೀಚರು ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟುತ್ತಿದ್ದರು.

ಉತ್ತರ ಸಿಕ್ಕ ಪ್ರಶ್ನೆ ಸುಮ್ಮನಿರಬೇಕು ಎನ್ನುತ್ತಾರೆ. ನನಗೆ ಆಗುತ್ತಿಲ್ಲ, ಅವಳಿಗೂ ಆಗುತ್ತಿಲ್ಲ. ಈಗಲೂ ದಾರಿಯಲ್ಲಿ ಬ್ಯಾಗು ಹಾಕಿಕೊಂಡವರು ಯಾರೇ ಕಾಣಲಿ, ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾಳೆ.